ಹಿಮ್ಮಡಿ ಕೆಳಗಿನ ನೇರಳೆ ಹಣ್ಣು

ನಮ್ಮ ಕಾಲೇಜಿನ ಕ್ರೀಡಾ ಕೊಠಡಿಯ ಹಿಂದೆ ಒಂದು ನೇರಳೆ ಮರ ಇತ್ತು. ಅದರ ಕೊಂಬೆಗೆ ಒಂದು ಗೋಣಿಚೀಲ ಕಟ್ಟಿದ್ದರು. ಒಳಗೆ ಹಳೇ ಬಟ್ಟೆ, ಮರದ ಹೊಟ್ಟು, ತಳದಲ್ಲಿ ಒಂದಿಷ್ಟು ಮರಳು. ಬಾಕ್ಸಿಂಗ್ ಕಲಿಯುವ ನಮಗೆ ಅದೇ ಪಂಚಿಂಗ್ ಬ್ಯಾಗ್. ಹಣ್ಣು ಉದುರುವ ಕಾಲದಲ್ಲಿ ಚೀಲದ ತುಂಬ ನೇರಳೆ ಕಲೆ, ನಮ್ಮ ಬೆರಳ ಗೆಣ್ಣುಗಳ ಮೇಲೂ ಅದೇ ಕಲೆ.

ನಾನು ಹೈಸ್ಕೂಲಿನಿಂದ ಕರಾಟೆ ಕಲಿತವಳು. ಮೊದಲ ದಿನವೇ ಆ ಚೀಲಕ್ಕೆ ಜೋರಾಗಿ ಒಂದು ಕಿಕ್ ಕೊಟ್ಟೆ. ದೈಹಿಕ ಶಿಕ್ಷಣದ ಮೇಷ್ಟ್ರು ಹತ್ತಿರ ಬಂದರು. "ಚೆನ್ನಾಗಿದೆಯಮ್ಮಾ. ಈಗ ಎರಡೂ ಕಾಲು ನೆಲದ ಮೇಲಿಟ್ಟು ಅಷ್ಟೇ ಜೋರಾಗಿ ಕೈಯಲ್ಲಿ ಹೊಡಿ ನೋಡೋಣ" ಎಂದರು. ಹೊಡೆದೆ. ಚೀಲ ಅಲ್ಲಾಡಲಿಲ್ಲ.

ಮೇಷ್ಟ್ರು ಬಗ್ಗಿ ಒಂದು ನೇರಳೆ ಹಣ್ಣು ಎತ್ತಿಕೊಂಡು ನನ್ನ ಹಿಂದಿನ ಕಾಲಿನ ಹಿಮ್ಮಡಿ ಕೆಳಗೆ ಇಟ್ಟರು. "ಇದು ಜಜ್ಜಿಹೋಗಬಾರದು. ಆ ಪಾದದ ಮುಂಭಾಗದಲ್ಲಿ ನೆಲ ಒತ್ತು. ಅಲ್ಲಿಂದ ಸೊಂಟ ತಿರುಗಲಿ. ಕೈ ಬರೋದು ಕೊನೆಗೆ." ಆ ವಾರ ಎಷ್ಟು ಹಣ್ಣು ಜಜ್ಜಿದೆನೋ ಲೆಕ್ಕವಿಲ್ಲ. ಕರಾಟೆಯಲ್ಲಿ ಕಾಲು ಎತ್ತಿ ಹೊಡೆಯುವುದು ಅಭ್ಯಾಸವಾದವರಿಗೆ ಅದನ್ನು ತಡೆದು ಹಿಡಿಯೋದು ತುಂಬಾ ಕಷ್ಟ. ಮೈ ತಾನಾಗೇ ಹಿಂದಕ್ಕೆ ವಾಲಿ ಕಿಕ್‌ಗೆ ತಯಾರಾಗುತ್ತದೆ.

2012ರ ಆಗಸ್ಟ್‌ನಲ್ಲಿ ಹಾಸ್ಟೆಲ್ ಟಿವಿ ಮುಂದೆ ಮೇರಿ ಕೋಮ್ ಅವರ ಪಂದ್ಯ ನೋಡಿದೆವು. ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳ ಬಾಕ್ಸಿಂಗ್ ಶುರುವಾದದ್ದೇ ಆ ಸಲ. ಅವರು ಆಡುತ್ತಿದ್ದದ್ದು 48 ಕೆ.ಜಿ.ಯಲ್ಲಿ. ಲಂಡನ್‌ನಲ್ಲಿ ಆ ವಿಭಾಗವೇ ಇರಲಿಲ್ಲ. 51 ಕೆ.ಜಿ.ಗೆ ಹೋಗಿ, ತಮಗಿಂತ ದೊಡ್ಡ ಮೈಕಟ್ಟಿನವರ ಎದುರು ನಿಂತು ಕಂಚು ತಂದರು. ಮಾರನೇ ದಿನ ಚೀಲದ ಮುಂದೆ ಹುಡುಗಿಯರ ಸಾಲು ನಿಂತಿತ್ತು.

ಅದೇ 2012ರಲ್ಲಿ ಅಸ್ಸಾಂನಲ್ಲೂ ಒಬ್ಬ ಹುಡುಗಿ ಕಾಲು ಎತ್ತುವುದನ್ನು ಬಿಡಲು ಕಲಿಯುತ್ತಿದ್ದಳು. ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಲವ್ಲಿನಾ ಬೊರ್ಗೊಹೈನ್. (ಸಲಿಗೆಯಿಂದ ಅವಳು ಅಂತಲೇ ಬರೆಯುತ್ತೇನೆ, ನನಗಿಂತ ಚಿಕ್ಕವಳು.) ಗೋಲಾಘಾಟ್ ಜಿಲ್ಲೆಯ ಹಳ್ಳಿಯವಳು. ಅವಳಿ ಅಕ್ಕಂದಿರು ಕಿಕ್‌ಬಾಕ್ಸಿಂಗ್ ಮಾಡುತ್ತಿದ್ದರು. ಅವರನ್ನು ನೋಡಿ ಇವಳು ಮುಯೆ ಥಾಯ್ ಶುರು ಮಾಡಿದಳು. ಅದರಲ್ಲಿ ಮುಷ್ಟಿ, ಮೊಣಕೈ, ಮೊಣಕಾಲು, ಕಣಕಾಲು ಎಲ್ಲವೂ ಆಯುಧ. ಅವಳು ಓದುತ್ತಿದ್ದ ಬರ್ಪಥಾರ್‌ನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಕ್ರೀಡಾ ಪ್ರಾಧಿಕಾರದವರು ಆಯ್ಕೆಗೆ ಬಂದಾಗ ಪದುಮ್ ಬೋರೊ ಎಂಬ ಕೋಚ್ ಅವಳನ್ನು ಗುರುತಿಸಿ ಬಾಕ್ಸಿಂಗ್‌ಗೆ ಕರೆತಂದರು. ಶಾಲೆಯ ಮೈದಾನದಲ್ಲಿ ಒಬ್ಬರ ಕಣ್ಣಿಗೆ ಬಿದ್ದದ್ದಕ್ಕೆ ದಾರಿಯೇ ಬದಲಾಯಿತು ಅಂತ ಓದಿದಾಗ ನನಗೆ ನಮ್ಮ ನೇರಳೆ ಮರವೇ ಕಣ್ಣಮುಂದೆ ಬಂತು.

2021ರ ಜುಲೈ 30. ಟೋಕಿಯೊ ಒಲಿಂಪಿಕ್ಸ್, 69 ಕೆ.ಜಿ. ಕ್ವಾರ್ಟರ್ ಫೈನಲ್. ಎದುರಾಳಿ ತೈವಾನಿನ ಚೆನ್ ನಿಯೆನ್-ಚಿನ್, ಮಾಜಿ ವಿಶ್ವ ಚಾಂಪಿಯನ್. 2018ರ ವಿಶ್ವ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಲವ್ಲಿನಾ ಸೋತಿದ್ದು ಇವಳಿಗೇ. ನಾನು ಮೊಬೈಲ್ ಹಿಡಿದು ಅಡುಗೆಮನೆಯಲ್ಲೇ ನಿಂತು ನೋಡಿದೆ. ಕೈಗಿಂತ ಜಾಸ್ತಿ ನೋಡಿದ್ದು ಅವಳ ಕಾಲನ್ನು. 4-1ರಿಂದ ಗೆದ್ದಳು, ಸೆಮಿಫೈನಲ್ ತಲುಪಿದ್ದರಿಂದ ಕಂಚಂತೂ ಖಾತ್ರಿಯಾಯಿತು. ತಕ್ಷಣ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಆಗಲೇ ನಿವೃತ್ತರಾಗಿದ್ದರು.

"ಸರ್, ಅವಳ ಹಿಂದಿನ ಕಾಲು ನೋಡಿದಿರಾ?"

"ಕಾಲಲ್ಲ ಕಣಮ್ಮಾ, ಹಿಮ್ಮಡಿ ನೋಡ್ತಾ ಕೂತಿದ್ದೆ" ಎಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರಿಗೂ ಮಾತೇ ಬರಲಿಲ್ಲ.

ಸೆಮಿಫೈನಲ್‌ನಲ್ಲಿ ಟರ್ಕಿಯ ಬುಸೆನಾಜ್ ಸುರ್ಮೆನೆಲಿ ಎದುರು 0-5ರಿಂದ ಸೋತಳು. ಕೊನೆಗೆ ಚಿನ್ನ ಗೆದ್ದವಳೂ ಆ ಸುರ್ಮೆನೆಲಿಯೇ. ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ವಿಜೇಂದರ್, ಮೇರಿ ಕೋಮ್ ಆದಮೇಲೆ ಭಾರತಕ್ಕೆ ಸಿಕ್ಕ ಮೂರನೇ ಪದಕ ಲವ್ಲಿನಾಳ ಆ ಕಂಚು.

ನನಗೆ ಆ ಪದಕಕ್ಕಿಂತ ಅದರ ಮುಂದಿನ ಕಥೆ ಜಾಸ್ತಿ ಇಷ್ಟ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ 69 ಕೆ.ಜಿ. ವಿಭಾಗವನ್ನೇ ತೆಗೆದುಹಾಕಿದರು. ಅವಳು 75 ಕೆ.ಜಿ.ಗೆ ಹೋಗಬೇಕಾಯಿತು. ತೂಕ ಹೆಚ್ಚಿಸುವುದು ಅಂದರೆ ಸುಮ್ನೆ ಜಾಸ್ತಿ ಉಣ್ಣುವುದಲ್ಲ. ಅಷ್ಟು ಭಾರ ಹೊತ್ತೂ ಕಾಲು ಮೊದಲಿನ ಹಾಗೇ ಓಡಬೇಕು. ಎದುರಿನವರ ಒಂದೊಂದು ಏಟೂ ಮೊದಲಿಗಿಂತ ತೂಕ. ಅಲ್ಲಿ ನಿಂತು 2023ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾದ ಕೇಟ್ಲಿನ್ ಪಾರ್ಕರ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದಳು. ಪ್ಯಾರಿಸ್ ಕ್ವಾರ್ಟರ್ ಫೈನಲ್‌ನಲ್ಲಿ ಚೀನಾದ ಲಿ ಕಿಯಾನ್ ಎದುರು ಸೋತ ದಿನ ನನಗೆ ಊಟ ಸೇರಲಿಲ್ಲ.

ಈಗ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಹನ್ನೊಂದು ಹುಡುಗಿಯರಿಗೆ ಕಲಿಸುತ್ತೇನೆ. ಬ್ಯಾಗು ಅಂಗಡಿಯಿಂದ ತಂದದ್ದು. ನೇರಳೆ ಸಿಗುವ ಕಾಲದಲ್ಲಿ ನೇರಳೆ, ಇಲ್ಲದಾಗ ಪುಟ್ಟ ಟೊಮೆಟೊ. ಹೋದ ವಾರ ಏಳನೇ ಕ್ಲಾಸಿನ ಒಬ್ಬಳು ಇಡೀ ಮೂರು ನಿಮಿಷ ಹೊಡೆದು ಮುಗಿಸಿ, ಏದುಸಿರು ಬಿಡುತ್ತಾ ಬಗ್ಗಿ ಹಿಮ್ಮಡಿ ಕೆಳಗಿನ ಟೊಮೆಟೊ ಎತ್ತಿ ನನಗೆ ತೋರಿಸಿದಳು. ಸಿಪ್ಪೆ ಬಿರಿದಿರಲಿಲ್ಲ. ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿದೆ.