ಏರಿಗೆ ಮುಖ ಮಾಡಿ ನಿಲ್ಲಿಸಿದರೆ ಕಾಟ

ಪೂರ್ತಿ ಕೆಟ್ಟು ನಿಂತ ಗಾಡಿಯನ್ನು ರಿಪೇರಿ ಮಾಡಿಸಬಹುದು. ಒಂದು ದಿನ ಸ್ಟಾರ್ಟ್ ಆಗಿ ಇನ್ನೊಂದು ದಿನ ಕೈಕೊಡುವ ಗಾಡಿ ಇದೆಯಲ್ಲ, ಅದರ ಸಹವಾಸವೇ ಬೇಡ. ಗ್ಯಾರೇಜಿನಲ್ಲಿ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗಿ ನಮ್ಮ ಮಾನ ಕಳೆಯುತ್ತದೆ. "ಏನೂ ಪ್ರಾಬ್ಲಮ್ ಇಲ್ವಲ್ಲ ಸಾರ್" ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು.

ನನ್ನದು ಬಿಎಸ್4 ಹೊಗೆ ನಿಯಮದ ಕಾಲದ ಸಣ್ಣ ಡೀಸೆಲ್ ಕಾರು. ಕೆಲವು ಬೆಳಿಗ್ಗೆ ಸೆಲ್ಫ್ ಜೋರಾಗೇ ತಿರುಗುತ್ತಿತ್ತು, ಇಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ. ಬಿಟ್ಟು ಬಿಟ್ಟು ಸೆಲ್ಫ್ ಹೊಡೆದ ಮೇಲೆ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ನಡುಗುತ್ತಾ ಎದ್ದೇಳುತ್ತಿತ್ತು. ಒಮ್ಮೆ ಎದ್ದರೆ ಮುಗಿಯಿತು, ದಿನವಿಡೀ ತಕರಾರಿಲ್ಲ. ಮಾರನೇ ದಿನ ಅದೇ ಹೊತ್ತಿಗೆ ಅದೇ ಕೀ ತಿರುಗಿಸಿದರೆ ಅರೆಕ್ಷಣದಲ್ಲಿ ಸ್ಟಾರ್ಟ್.

ಸಲಹೆಗಳಿಗೆ ಬರವಿರಲಿಲ್ಲ. ಮೊದಲನೆಯದು ಬ್ಯಾಟರಿ. ಮೀಟರ್ ಹಿಡಿದು ನೋಡಿದಾಗ ಅದು ನಿಜಕ್ಕೂ ಸೊರಗಿತ್ತು. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಗಾಡಿ ನಿಂತಾಗ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ತಿರುಗುವಾಗ ಹತ್ತರ ಹತ್ತಿರವಾದರೂ ನಿಲ್ಲಬೇಕು. ಹೊಸದು ಹಾಕಿಸಿದೆ. ಸೆಲ್ಫ್ ಇನ್ನೂ ಜೋರಾಗಿ ತಿರುಗಿತು, ಇಂಜಿನ್ ಹಳೇ ಚಾಳಿ ಬಿಡಲಿಲ್ಲ. ದಿನಾ ಅಷ್ಟು ಸೆಲ್ಫ್ ಹೊಡೆಸಿಕೊಂಡರೆ ಯಾವ ಬ್ಯಾಟರಿಯಾದರೂ ಸೊರಗುತ್ತದೆ. ಕಾಯಿಲೆ ಬೇರೆಲ್ಲೋ ಇತ್ತು, ಸುಸ್ತು ಬ್ಯಾಟರಿಯಲ್ಲಿ ಕಾಣಿಸಿಕೊಂಡಿತ್ತು.

ಎರಡನೆಯ ಆರೋಪಿ ಹೀಟರ್ ಪ್ಲಗ್, ಅಂದರೆ ಚಳಿಯಲ್ಲಿ ಸ್ಟಾರ್ಟ್ ಆಗಲು ಸಿಲಿಂಡರಿನ ಒಳಗನ್ನು ಬಿಸಿ ಮಾಡುವ ಕಡ್ಡಿ. ಶಿಮ್ಲಾದಲ್ಲಾದರೆ ಒಪ್ಪಬಹುದಿತ್ತು. ಬೆಂಗಳೂರಿನಲ್ಲಿ ಜನವರಿಯ ಬೆಳಗೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು. ಆ ಚಳಿಗೆ ಈಗಿನ ಡೀಸೆಲ್ ಇಂಜಿನ್ನಿಗೆ ಹೀಟರ್ ಇಲ್ಲದಿದ್ದರೂ ನಡೆಯುತ್ತದೆ. ಮೂರನೆಯ ಸಲಹೆ ಭಾವಮೈದನದು: "ಮಾರಿಬಿಡಿ ಭಾವ, ಹತ್ತು ವರ್ಷ ಆದ ಡೀಸೆಲ್ ಓಡಿಸೋ ಹಾಗಿಲ್ಲ." ಆ ನಿಯಮ ಬಂದದ್ದು ದೆಹಲಿ ಸುತ್ತಮುತ್ತ, ಇಲ್ಲಿ 15 ವರ್ಷಕ್ಕೆ ಎಫ್‌ಸಿ ಮಾಡಿಸಿ ಆರ್‌ಸಿ ರಿನ್ಯೂ ಮಾಡಿಸಬಹುದು ಅಂದರೆ ಅವನಿಗೆ ನಂಬಿಕೆಯಿಲ್ಲ.

ಮೈಸೂರು ರಸ್ತೆಯ ಕಡೆಯ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಮೊದಲ ಸಲ ದೋಷ ತೋರಿಸುವ ಒಂದು ಕೋಡೂ ಬರಲಿಲ್ಲ. ಆಮೇಲೊಮ್ಮೆ ಪಿ0087 ಬಂತು, ಅಂದರೆ ರೈಲಿನಲ್ಲಿ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಅದನ್ನು ಹಂಚುವ ಪೈಪಿನಲ್ಲಿ) ಡೀಸೆಲ್ ಒತ್ತಡ ಕಡಿಮೆ. ಸೂಪರ್‌ವೈಸರ್ ಮುಖ ಗಂಭೀರವಾಯಿತು. "ಹೈ ಪ್ರೆಷರ್ ಪಂಪ್ ಹೋಗಿದೆ ಸಾರ್, ಎಸ್ಟಿಮೇಟ್ ಕೊಡ್ತೀನಿ." ಆ ಎಸ್ಟಿಮೇಟ್ ನೋಡಿದ ಮೇಲೆ ಭಾವಮೈದನ ಮಾತೇ ಸರಿಯೇನೋ ಅನ್ನಿಸಿತು. ಆದರೂ ನನಗೊಂದು ಅನುಮಾನ. ಒತ್ತಡ ಕಡಿಮೆ ಎಂದಷ್ಟೇ ಕೋಡ್ ಹೇಳುತ್ತದೆ, ಯಾರ ತಪ್ಪು ಎಂದು ಹೇಳುವುದಿಲ್ಲ. ಪಂಪೇ ಸವೆದಿದ್ದರೆ ನೈಸ್ ರಸ್ತೆಯಲ್ಲಿ ಪೂರ್ತಿ ಆಕ್ಸಲರೇಟರ್ ಕೊಟ್ಟಾಗ ಗಾಡಿ ಹಾಗೆ ಹಾರುವುದು ಹೇಗೆ?

ಗಂಟು ಬಿಚ್ಚಿದವರು ಎದುರುಮನೆ ಅಂಕಲ್. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರಾದವರು. ಬೆಳಿಗ್ಗೆ ಗೇಟಿನ ಹತ್ತಿರ ಪೇಪರ್ ಓದುತ್ತಾ ನನ್ನ ಪಾಡು ನೋಡುತ್ತಿದ್ದರು. ನಮ್ಮದು ಹನುಮಂತನಗರ, ರಾಮಾಂಜನೇಯ ಗುಡ್ಡದ ಮಗ್ಗುಲು. ಮಟ್ಟಸವಾದ ರಸ್ತೆ ಹುಡುಕಿದರೂ ಸಿಗದು. ಮನೆಯಲ್ಲಿ ಕಾರಿಗೆ ಜಾಗವಿಲ್ಲ, ರಾತ್ರಿ ರಸ್ತೆಯ ಯಾವ ಮಗ್ಗುಲಲ್ಲಿ ಸಂದು ಸಿಕ್ಕಿತೋ ಅಲ್ಲಿ ತೂರಿಸುವುದು.

"ಏನಪ್ಪಾ, ಗಾಡಿ ಇಳಿಜಾರಿಗೆ ಮುಖ ಮಾಡಿದ್ರೆ ಸುಮ್ನೆ ಸ್ಟಾರ್ಟ್ ಆಗುತ್ತೆ. ಏರಿಗೆ ಮುಖ ಮಾಡಿ ನಿಲ್ಲಿಸಿದ ದಿನಾನೇ ನಿಂಗೆ ಕಾಟ. ನೋಡಿದೀಯಾ?"

ನಾನು ನೋಡಿರಲಿಲ್ಲ. ಅವರು ದಿನಾ ನೋಡಿದ್ದರು.

"ಏರ್ ತಗೊಳ್ತಿದೆ," ಅಂದರು. "ಟ್ಯಾಂಕ್ ಹಿಂದೆ ಕೆಳಗಿದೆ, ಫಿಲ್ಟರ್ ಮುಂದೆ ಮೇಲಿದೆ. ರಾತ್ರಿಯೆಲ್ಲಾ ಮೂತಿ ಮೇಲೆ ಮಾಡಿ ನಿಂತ್ರೆ ಎಲ್ಲೋ ಒಂದ್ಕಡೆ ಗಾಳಿ ಒಳಗೆ ಬಂದು ಡೀಸೆಲ್ ಎಲ್ಲಾ ಟ್ಯಾಂಕಿಗೆ ವಾಪಸ್ ಹೋಗುತ್ತೆ."

"ಕೆಳಗೆ ಒಂದು ತೊಟ್ಟೂ ಸೋರಿಲ್ವಲ್ಲ ಅಂಕಲ್?"

"ಹೀರೋ ಪೈಪಿನಲ್ಲಿ ಡೀಸೆಲ್ ಹೊರಗೆ ಬರಲ್ಲ ಕಣಯ್ಯಾ, ಗಾಳಿ ಒಳಗೆ ಹೋಗುತ್ತೆ."

ನನ್ನ ಕಾರಿನ ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪ್ ಇಲ್ಲ. ಇಂಜಿನ್ ಕಡೆಯ ಪಂಪೇ ಅಲ್ಲಿಂದ ಇಲ್ಲಿವರೆಗೆ ಡೀಸೆಲ್ ಎಳೆದುಕೊಳ್ಳಬೇಕು. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ನನ್ನದರಂಥ ಕಾಮನ್ ರೈಲ್ ಗಾಡಿಯಲ್ಲಿ, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ರೈಲು ಇರುವ ಗಾಡಿಯಲ್ಲಿ, ರೈಲಿನ ಒತ್ತಡ ಸುಮಾರು 200 ಬಾರ್ ದಾಟುವವರೆಗೆ ಕಂಪ್ಯೂಟರ್ ಇಂಜೆಕ್ಟರ್ ತೆರೆಯುವುದೇ ಇಲ್ಲ. ಡೀಸೆಲ್ ಅಷ್ಟು ಸುಲಭಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿ ಇರುವಷ್ಟು ಹೊತ್ತು ಪಂಪ್ ತಿರುಗಿದ್ದೆಲ್ಲ ದಂಡ. ಗ್ಯಾರೇಜಿನ ನೆಲ ಮಟ್ಟಸ, ಮೇಲಾಗಿ ಗಾಡಿ ಅಲ್ಲಿಗೆ ಹೋಗುವುದೇ ಓಡಿ ಬಂದ ಮೇಲೆ. ಅಲ್ಲಿ ಅದಕ್ಕೇನು ಧಾಡಿ?

ಅಂಕಲ್ ಹೇಳಿದ ಪರೀಕ್ಷೆಗೆ ಕಾಸು ಖರ್ಚಿಲ್ಲ. ಬೇಕೆಂದೇ ಏರಿಗೆ ಮುಖ ಮಾಡಿ ರಾತ್ರಿ ನಿಲ್ಲಿಸಿದೆ. ಬೆಳಿಗ್ಗೆ ಕೀ ಮುಟ್ಟುವ ಮೊದಲು ಬಾನೆಟ್ ಎತ್ತಿ ಫಿಲ್ಟರ್ ಪಕ್ಕದ ಹ್ಯಾಂಡ್ ಪಂಪಿನ ಕಪ್ಪು ರಬ್ಬರ್ ಉಂಡೆಯನ್ನು ಅವರು ಒತ್ತಿದರು. ಗಟ್ಟಿಯಾಗಿ ಇರಬೇಕಾದದ್ದು ಬೆರಳಿಗೆ ಮೆತ್ತಗೆ ಸಿಕ್ಕಿ ಒಳಗೆ ಕುಸಿಯಿತು. ಒತ್ತುತ್ತಾ ಹೋದಂತೆ ಫಿಲ್ಟರ್ ಒಳಗೆ ಗೊಳಗೊಳ ಸದ್ದಾಗಿ, ಸ್ವಲ್ಪ ಹೊತ್ತಿಗೆ ಉಂಡೆ ಹೆಬ್ಬೆರಳಿಗೆ ಜಗ್ಗದಷ್ಟು ಬಿಗಿಯಾಯಿತು. "ಈಗ ಹೊಡಿ." ಸೆಲ್ಫ್ ಒಂದು ಸುತ್ತು ತಿರುಗಿತೋ ಇಲ್ಲವೋ, ಇಂಜಿನ್ ಹಿಡಿದುಕೊಂಡಿತು. ಹೈ ಪ್ರೆಷರ್ ಪಂಪಿನ ಮೇಲಿದ್ದ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಗಾಳಿ ನುಗ್ಗುವ ಜಾಗ ಹುಡುಕಲು ಕಲಾಸಿಪಾಳ್ಯದ ಕಡೆಯ, ಡೀಸೆಲ್ ನಾಜಲ್ ಪಂಪ್ ರಿಪೇರಿ ಮಾಡುವ ಅಂಗಡಿಗೆ ಹೋದೆವು. ಅಂಗಡಿಯವರು ಫಿಲ್ಟರಿನಿಂದ ಪಂಪಿಗೆ ಹೋಗುವ ಕಪ್ಪು ಪೈಪ್ ಬಿಚ್ಚಿ ಅಲ್ಲಿ ಪಾರದರ್ಶಕ ಪೈಪ್ ಸಿಕ್ಕಿಸಿದರು. ಇಂಜಿನ್ ಓಡುವಾಗ ಹಳದಿ ಡೀಸೆಲ್ ಜೊತೆ ಗೋಲಿ ಸೋಡಾದ ಹಾಗೆ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಬರುತ್ತಿದ್ದವು. ಅದೇ ಪೈಪನ್ನು ಫಿಲ್ಟರಿನ ಹಿಂದಕ್ಕೆ, ಟ್ಯಾಂಕಿನ ಕಡೆಗೆ ಹಾಕಿದರೆ ಒಂದು ಗುಳ್ಳೆಯೂ ಇಲ್ಲ. ಅಲ್ಲಿಗೆ ಕಳ್ಳ ಇರುವುದು ಫಿಲ್ಟರಿನಲ್ಲೇ. ಮುಚ್ಚಳ ಬಿಚ್ಚಿ ಓ ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ತೆಗೆದು ಉಗುರಿನಿಂದ ಸವರಿದರು. ಒಂದು ಕಡೆ ಕೂದಲೆಳೆಯಷ್ಟು ಸೀಳು. ಕಳೆದ ಸರ್ವಿಸಿನಲ್ಲಿ ಫಿಲ್ಟರ್ ಬದಲಿಸಿದವರು ಒಣ ರಿಂಗನ್ನು ಹಾಗೇ ಕೂರಿಸಿ ಮುಚ್ಚಳ ತಿರುಗಿಸಿದ್ದಾರೆ, ಸಿಕ್ಕಿಕೊಂಡು ಹರಿದಿದೆ ಎಂಬುದು ಅವರ ಲೆಕ್ಕಾಚಾರ. ನನಗೂ ಹೌದೆನ್ನಿಸಿತು, ಕಾಟ ಶುರುವಾದದ್ದು ಆ ಸರ್ವಿಸ್ ಆದ ಮೇಲೆಯೇ. ಹೊಸ ರಿಂಗಿಗೆ ಡೀಸೆಲ್ ಸವರಿ ಕೂರಿಸಿದರು. ಎಸ್ಟಿಮೇಟಿನ ಮುಂದೆ ಆ ಬಿಲ್ಲು ಚಿಲ್ಲರೆ.

ಆಮೇಲೆ ಎಷ್ಟು ಕಡಿದಾದ ಏರಿಗೆ ನಿಲ್ಲಿಸಿದರೂ ತೊಂದರೆಯಿಲ್ಲ. ಈ ಕತೆ ಕೇಳಿದ ಆಫೀಸಿನ ಗೆಳೆಯನೊಬ್ಬ ತನ್ನ ಡೀಸೆಲ್ ಕಾರಿಗೂ ಓ ರಿಂಗ್ ಹಾಕಿಸಲು ಹೊರಟಿದ್ದ. ಅವನದು ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಓಡಿ ಬಿಸಿಯಾದ ಮೇಲೆ ಬಂಕಿನಲ್ಲಿ ಆಫ್ ಮಾಡಿದರೆ ಮತ್ತೆ ಹಿಡಿಯದು. ತಣ್ಣಗಾದರೆ ಸರಿಹೋಗುತ್ತದೆ. ಅಂಕಲ್ ಕೇಳಿ ತಲೆಯಾಡಿಸಿದರು: "ಅದು ಏರ್ ಅಲ್ಲ. ಇಂಜಿನ್ ತಿರುಗೋದನ್ನ ಕಂಪ್ಯೂಟರಿಗೆ ಹೇಳೋ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಕೈಕೊಡ್ತಿರಬೇಕು. ಹಿಡಿಯದೇ ಇದ್ದಾಗ ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆಸಿ ಆರ್‌ಪಿಎಂ ನೋಡೋಕೆ ಹೇಳು. ಇಂಜಿನ್ ತಿರುಗ್ತಿದ್ರೂ ಸೊನ್ನೆ ತೋರಿಸಿದ್ರೆ ಸೆನ್ಸರ್ರೋ ಅದರ ವೈರೋ, ಎರಡರಲ್ಲಿ ಒಂದು." ಗೆಳೆಯ ನೋಡಿಸಿದ, ಸೊನ್ನೆಯೇ ಇತ್ತಂತೆ. ವೈರ್ ಸರಿಯಿತ್ತು, ಸೆನ್ಸರ್ ಬದಲಾಯಿಸಿದರು.