ಎಣ್ಣೆ ಅಳೆದು ಹಾಕಿದೆ

ಇವತ್ತು ಮೊದಲ ಸಲ ಅಡುಗೆಗೆ ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕಿದೆ. ಇಷ್ಟು ದಿನ ಸುಮ್ನೆ ಕೈ ಅಂದಾಜಿನಲ್ಲಿ ಸುರಿಯುತ್ತಿದ್ದೆ. 15 ಮಿ.ಲೀ. ಹಿಡಿಯುವ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ನನ್ನ ಅಂದಾಜು ಅಂಥ ಮೂರು ಚಮಚದಷ್ಟಿತ್ತು!

ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ. ಪ್ರೋಟೀನ್, ಕಾರ್ಬೋಹೈಡ್ರೇಟ್ ಎರಡರಲ್ಲೂ 4. ಹಾಗಂತ ಎಣ್ಣೆ ಪೂರ್ತಿ ಬಿಡುವುದು ತಪ್ಪು. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಬೇಕಾದರೆ ಕೊಬ್ಬು ಬೇಕೇ ಬೇಕು.

ಹಿಂದೊಮ್ಮೆ ತೂಕ ಇಳಿಸಲು ರಾತ್ರಿ ಊಟವನ್ನೇ ಬಿಟ್ಟಿದ್ದೆ. ಬೆಳಗ್ಗೆ ತಲೆನೋವು, ಸಿಡಿಮಿಡಿ. ಮಧ್ಯಾಹ್ನ ಎರಡು ಪಟ್ಟು ಊಟ. ಈಗ ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಕಾಳು ಅಥವಾ ಮೊಟ್ಟೆ, ಉಳಿದದ್ದು ಧಾನ್ಯ. ತರಕಾರಿಯಲ್ಲಿ ನೀರು, ನಾರು ಜಾಸ್ತಿ. ಹಾಗಾಗಿ ಕಡಿಮೆ ಕ್ಯಾಲೊರಿಯಲ್ಲೇ ಹೊಟ್ಟೆ ತುಂಬುತ್ತದೆ. ಪ್ರೋಟೀನ್ ಇದ್ದರೆ ಬೇಗ ಹಸಿವಾಗುವುದಿಲ್ಲ. ಹಸಿದುಕೊಂಡು ಎಷ್ಟು ದಿನ ಇರಲು ಆಗುತ್ತದೆ, ಅಲ್ವಾ?

ದಿನಾ ತೂಕ ನೋಡುವುದನ್ನೂ ಬಿಟ್ಟೆ. ಉಪ್ಪು ಜಾಸ್ತಿ ತಿಂದ ಮರುದಿನ ತೂಕ ಏರಿರುತ್ತದೆ. ಅದು ಮೈಯಲ್ಲಿ ನಿಂತ ನೀರು, ಒಂದೇ ರಾತ್ರಿಯಲ್ಲಿ ಬಂದ ಕೊಬ್ಬಲ್ಲ. ಇದು ತಿಳಿಯದೆ ಎಷ್ಟೋ ಬೆಳಗುಗಳನ್ನು ಬೇಜಾರಿನಲ್ಲೇ ಕಳೆದೆ. ನೆನೆದರೆ ಈಗಲೂ ಸಂಕಟವಾಗುತ್ತದೆ. ಇನ್ನು ವಾರಕ್ಕೊಮ್ಮೆ, ಬೆಳಗ್ಗೆ ಎದ್ದ ಕೂಡಲೇ ನೋಡುತ್ತೇನೆ.

ಅಳತೆಯ ಚಮಚ ಈಗ ಎಣ್ಣೆ ಡಬ್ಬಿಯ ಪಕ್ಕದಲ್ಲೇ ಇದೆ.