ಚಿಂಕ್ವೆ ತೆರ್ರೆಗೆ ಮಕ್ಕಳ ಜೊತೆ: ರೂಮು ಎಲ್ಲಿ ಹಿಡಿದರೆ ಹಣ ಉಳಿಯುತ್ತದೆ?

ಇಟಲಿಯ ಲಿಗೂರಿಯಾ ಕರಾವಳಿಯ ಚಿಂಕ್ವೆ ತೆರ್ರೆ ಅಂದರೆ ಐದು ಊರು: ರಿಯೊಮಜ್ಜೊರೆ, ಮನರೋಲಾ, ಕೊರ್ನೀಲ್ಯಾ, ವೆರ್ನಾಜ್ಜಾ, ಮೊಂತೆರೊಸ್ಸೊ. ಬಂಡೆಗೆ ಅಂಟಿಕೊಂಡ ಬಣ್ಣಬಣ್ಣದ ಮನೆಗಳ ಫೋಟೊ ನೋಡಿದವರು ಮೊದಲು ಹುಡುಕುವುದೇ ಈ ಊರುಗಳ ಒಳಗಿನ ರೂಮನ್ನು. ನಾಲ್ಕು ಜನರ ಕುಟುಂಬದ ಬಜೆಟ್ ಕೈಮೀರುವುದು ಅಲ್ಲೇ. ಇಡೀ ಪ್ರದೇಶ 1997ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, 1999ರಿಂದ ರಾಷ್ಟ್ರೀಯ ಉದ್ಯಾನವೂ ಹೌದು. ಮನೆಗಳು ಹಳೆಯವು, ಇಕ್ಕಟ್ಟಿನವು, ಹೆಚ್ಚಿನ ರೂಮುಗಳು ಇಬ್ಬರಿಗಷ್ಟೇ ಸಾಲುತ್ತವೆ. ನಾಲ್ವರಿಗೆ ಎರಡು ರೂಮು ಹಿಡಿಯಬೇಕಾಗುತ್ತದೆ.

ಹಾಗಾಗಿ ಐದು ಊರುಗಳನ್ನು ನೋಡಲು ಹೋಗಿ, ಮಲಗಲು ರೈಲು ಮಾರ್ಗದ ಎರಡು ತುದಿಗಳಲ್ಲಿ ಒಂದಕ್ಕೆ ಬನ್ನಿ. ದಕ್ಷಿಣದ ತುದಿ ಲಾ ಸ್ಪೆಜಿಯಾ, ಉತ್ತರದ ತುದಿ ಲೆವಾಂತೊ. ಲಾ ಸ್ಪೆಜಿಯಾದಿಂದ ರಿಯೊಮಜ್ಜೊರೆಗೆ ರೈಲಿನಲ್ಲಿ ಹತ್ತು ನಿಮಿಷವೂ ಬೇಡ. ಲೆವಾಂತೊದಿಂದ ಮೊಂತೆರೊಸ್ಸೊ ಐದಾರು ನಿಮಿಷ.

ಎರಡರಲ್ಲಿ ಯಾವುದು? ಲಾ ಸ್ಪೆಜಿಯಾ ದೊಡ್ಡ ಊರು, ಮನೆಗಳು ಹೆಚ್ಚು, ಬಾಡಿಗೆ ಕಡಿಮೆ, ಪೀಸಾ ಮತ್ತು ಫ್ಲಾರೆನ್ಸ್ ಕಡೆಯಿಂದ ಬರಲು ಸುಲಭ. ಆದರೆ ಊರೊಳಗೆ ಈಜುವ ಕಡಲತೀರವಿಲ್ಲ, ಅದು ಬಂದರು. ಕ್ರೂಸ್ ಹಡಗು ನಿಂತ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ರೈಲು ಹತ್ತುವುದೇ ಸಾಹಸ. ಎಂಟೂವರೆಗಿಂತ ಮೊದಲೇ ಹೊರಟುಬಿಡಿ. ಲೆವಾಂತೊ ಸಣ್ಣದು, ಸ್ವಲ್ಪ ದುಬಾರಿ; ಆದರೆ ಕಡಲತೀರವಿದೆ, ಬೀದಿಗಳು ಬಹುಮಟ್ಟಿಗೆ ಸಮತಟ್ಟು. ಹಳೆಯ ರೈಲು ಸುರಂಗಗಳಲ್ಲಿ ಮಾಡಿದ ನಡಿಗೆ ಮತ್ತು ಸೈಕಲ್ ದಾರಿಯಲ್ಲಿ ಪಕ್ಕದ ಬೊನಸ್ಸೋಲಾ ಊರಿನವರೆಗೆ ಮಗುವಿನ ತಳ್ಳುಗಾಡಿಯನ್ನೂ ತಳ್ಳಿಕೊಂಡು ಹೋಗಬಹುದು. ಆರು ವರ್ಷದೊಳಗಿನ ಮಕ್ಕಳಿದ್ದರೆ ಹೆಚ್ಚಿನ ಬಾಡಿಗೆ ಕೊಟ್ಟಾದರೂ ಲೆವಾಂತೊವೇ ಸರಿ. ಅಜ್ಜ ಅಜ್ಜಿ ಜೊತೆಗಿದ್ದರೆ ಕೊರ್ನೀಲ್ಯಾದಲ್ಲಿ ಮಾತ್ರ ರೂಮು ಹಿಡಿಯಬೇಡಿ: ಸ್ಟೇಷನ್ ಕೆಳಗೆ, ಊರು ಗುಡ್ಡದ ಮೇಲೆ, ನಡುವೆ ಸುಮಾರು 380 ಮೆಟ್ಟಿಲು. ಬಸ್ಸಿದೆ, ಆದರೆ ಚಿಕ್ಕದು, ಬೇಗ ತುಂಬುತ್ತದೆ.

ಬಾಡಿಗೆ ಹೋಲಿಸುವಾಗ ರೈಲಿನ ಖರ್ಚು ಸೇರಿಸಲು ಮರೆಯಬೇಡಿ. ಲಾ ಸ್ಪೆಜಿಯಾ ಮತ್ತು ಲೆವಾಂತೊ ನಡುವಿನ ಚಿಂಕ್ವೆ ತೆರ್ರೆ ಎಕ್ಸ್‌ಪ್ರೆಸ್ಸಿನಲ್ಲಿ ಒಂದೇ ನಿಲ್ದಾಣ ಹೋದರೂ ಟಿಕೆಟ್ ದರ ಅಷ್ಟೇ, ಜನದಟ್ಟಣೆಯ ದಿನಗಳಲ್ಲಿ ಅದು ಇನ್ನೂ ಏರುತ್ತದೆ. ದಿನಕ್ಕೆ ಹಲವು ಬಾರಿ ಹತ್ತಿಳಿಯುವವರಿಗೆ ಚಿಂಕ್ವೆ ತೆರ್ರೆ ಟ್ರೇನೊ ಕಾರ್ಡ್ ಎಂಬ ರೈಲು ಪಾಸ್ ಲಾಭ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ ಕುಟುಂಬದ ಕಾರ್ಡೂ ಸಿಗುತ್ತದೆ. ನಾಲ್ಕು ವರ್ಷದೊಳಗಿನವರಿಗೆ ಟಿಕೆಟ್ ಬೇಡ.

ಇನ್ನು ಬಾಡಿಗೆ ಮನೆಗಳ ಇಟಾಲಿಯನ್ ಜಾಹೀರಾತು ಓದುವ ಬಗೆ. ತಪ್ಪಾಗುವುದು ಹೆಚ್ಚಾಗಿ ಇಲ್ಲೇ. 'ಬಿಲೊಕಾಲೆ' ಅಂದರೆ ಎರಡು ಕೋಣೆ, ಅದರಲ್ಲೊಂದು ಹಾಲ್. ಮಲಗುವ ಕೋಣೆ ಒಂದೇ. ಎರಡು ಬೆಡ್‌ರೂಮ್ ಬೇಕಿದ್ದರೆ 'ತ್ರಿಲೊಕಾಲೆ' ಹುಡುಕಿ. 'ದಿವಾನೊ ಲೆತ್ತೊ' ಅಂದರೆ ಸೋಫಾವನ್ನೇ ಬಿಡಿಸಿ ಮಾಡಿದ ಹಾಸಿಗೆ. 'ನಾಲ್ವರಿಗೆ' ಎಂದು ಬರೆದ ಅಗ್ಗದ ಮನೆಗಳಲ್ಲಿ ಇಬ್ಬರಿಗೆ ಇದೇ ಗತಿ. 'ಅಂಗೊಲೊ ಕೊತ್ತೂರಾ' ಎಂದರೆ ಹಾಲಿನ ಮೂಲೆಯಲ್ಲಿ ಒಲೆ ಮತ್ತು ಸಿಂಕ್. ಅನ್ನ ಸಾರು ಮಾಡಿಕೊಳ್ಳಲು ಸಾಕು, ಪ್ರೆಶರ್ ಕುಕ್ಕರ್ ಇರುತ್ತದೆಂದು ನಂಬಬೇಡಿ. ಊರಿಂದ ಚಟ್ನಿಪುಡಿ, ಸಾರಿನಪುಡಿ ಒಯ್ಯಬಹುದು. ತುಪ್ಪ ಬೇಡ, ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ನಿಷೇಧವಿದೆ.

ಜಾಹೀರಾತಿನಲ್ಲಿ ಸಿಐಎನ್ ಸಂಖ್ಯೆ, ಅಂದರೆ ಮನೆಯ ಸರ್ಕಾರಿ ನೋಂದಣಿ ಸಂಖ್ಯೆ, ಇದೆಯೇ ನೋಡಿ. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಪ್ರತಿ ಮನೆಗೂ ಈಗ ಇದು ಕಡ್ಡಾಯ. ಅದಿಲ್ಲದ ಮನೆಗೆ ಮುಂಗಡ ಕೊಡಬೇಡಿ. ಮಕ್ಕಳನ್ನೂ ಸೇರಿಸಿಯೇ ಬುಕ್ ಮಾಡಿ. ಮನೆಯವರು ಪ್ರತಿ ಅತಿಥಿಯ ಪಾಸ್‌ಪೋರ್ಟ್ ವಿವರವನ್ನು ಪೊಲೀಸರಿಗೆ ಕಳಿಸಬೇಕು, ಇಬ್ಬರೆಂದು ಹೇಳಿ ನಾಲ್ವರು ಹೋದರೆ ಬಾಗಿಲಲ್ಲೇ ವಾಪಸ್ ಕಳಿಸಬಹುದು. ಇಟಲಿಗೆ ಹೋಗಲು ಬೇಕಾದ ಶೆಂಗೆನ್ ವೀಸಾ ಅರ್ಜಿಗೆ ತಂಗುವ ಜಾಗದ ಬುಕಿಂಗ್ ಪತ್ರವೂ ಬೇಕಾಗುವುದರಿಂದ, ಉಚಿತವಾಗಿ ರದ್ದು ಮಾಡಬಹುದಾದದ್ದನ್ನೇ ಹಿಡಿದು ಎಲ್ಲರ ಹೆಸರೂ ಬರುವಂತೆ ನೋಡಿಕೊಳ್ಳಿ. ಊರಿನ ಪ್ರವಾಸಿ ತೆರಿಗೆ ಸಾಮಾನ್ಯವಾಗಿ ಬಾಡಿಗೆಯಲ್ಲಿ ಸೇರಿರುವುದಿಲ್ಲ. ತಲೆಗೆ, ರಾತ್ರಿಗೆ ಇಂತಿಷ್ಟೆಂದು ಅಲ್ಲೇ ಕೊಡಬೇಕು. ಚಿಲ್ಲರೆ ಯೂರೋ ಕೈಯಲ್ಲಿರಲಿ. ಕೊನೆಯ ಸ್ವಚ್ಛತೆಯ ಶುಲ್ಕ ಎಷ್ಟೇ ದಿನ ಇದ್ದರೂ ಒಂದೇ, ಆದ್ದರಿಂದ ಒಂದು ರಾತ್ರಿಗೆ ಮನೆ ಹಿಡಿಯುವುದು ನಷ್ಟ; ನಾಲ್ಕೈದು ರಾತ್ರಿಗೆ ಹಿಡಿದರೆ ಹಗುರ.

ತಿಂಗಳ ವಿಷಯದಲ್ಲಿ ಕರ್ನಾಟಕದ ಬೇಸಿಗೆ ರಜೆ ಅನುಕೂಲಕ್ಕೇ ಬಂದಿದೆ. ಏಪ್ರಿಲ್, ಮೇನಲ್ಲಿ ಆಗಸ್ಟಿನಷ್ಟು ದರವಿರುವುದಿಲ್ಲ. ಈಸ್ಟರ್ ವಾರ, ಏಪ್ರಿಲ್ 25 ಮತ್ತು ಮೇ 1ರ ಆಚೀಚಿನ ದಿನಗಳನ್ನು ಬಿಡಿ, ಆಗ ಇಟಲಿಯವರಿಗೇ ರಜೆ.

ಮನೆ ಸೇರಿದ ಮೇಲೂ ಒಂದು ವಿಷಯ ಗಮನದಲ್ಲಿರಲಿ. ಇಟಲಿಯ ಮನೆಗಳ ವಿದ್ಯುತ್ ಸಂಪರ್ಕ ಸಾಮಾನ್ಯವಾಗಿ 3 ಕಿಲೋವ್ಯಾಟ್ ಮಾತ್ರ. ಏಸಿ ಹಾಕಿ, ವಾಷಿಂಗ್ ಮಷೀನ್ ತಿರುಗಿಸಿ, ಇಂಡಕ್ಷನ್ ಮೇಲೆ ಅನ್ನಕ್ಕಿಟ್ಟರೆ ಮನೆಯೆಲ್ಲ ಕತ್ತಲು. ಮತ್ತೆ ಸ್ವಿಚ್ ಎತ್ತಬೇಕಾದ ಮೀಟರ್ ಎಷ್ಟೋ ಕಟ್ಟಡಗಳಲ್ಲಿ ಕೆಳಗೆ ಬಾಗಿಲ ಬಳಿ ಇರುತ್ತದೆ. ಬೀಗದ ಕೈ ತೆಗೆದುಕೊಳ್ಳುವಾಗಲೇ 'ಕೊಂತತೋರೆ', ಅಂದರೆ ಆ ಮೀಟರ್, ಎಲ್ಲಿದೆ ಎಂದು ಕೇಳಿಡಿ, ಇಲ್ಲವಾದರೆ ರಾತ್ರಿ ಮೊಬೈಲ್ ಬೆಳಕಿನಲ್ಲಿ ನಾಲ್ಕು ಮಹಡಿ ಇಳಿದು ಹುಡುಕಬೇಕಾಗುತ್ತದೆ. ಲಾ ಸ್ಪೆಜಿಯಾದ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದಿರುವುದೂ ಸಾಮಾನ್ಯ. ಹಣ ಕಟ್ಟುವ ಮೊದಲು ಮನೆಯವರಿಗೆ ಎರಡು ಸಾಲಿನ ಮೆಸೇಜ್ ಹಾಕಿ: 'ಆ ಕೆ ಪ್ಯಾನೊ?', ಎಷ್ಟನೇ ಮಹಡಿ, 'ಚೆ ಲಶೆನ್ಸೋರೆ?', ಲಿಫ್ಟ್ ಇದೆಯೇ. ಉತ್ತರ ಬಂದ ಮೇಲೆ ಸೂಟ್‌ಕೇಸುಗಳನ್ನು ಎಣಿಸಿ ನಿರ್ಧರಿಸಿ.